ವಾರಿಜ ಪ್ರಶ್ನೆ ಕೇಳಲು ಬಂದದ್ದು

ಶನಿವಾರ, ಜೂನ್ ೧೪, ೨೦೨೫

ಮನಸ್ಸು ಓದುವ ವಿದ್ಯೆಯ ಆ ದಪ್ಪ ಪುಸ್ತಕದಲ್ಲಿ ಒಂದು ಪುಟ ತಲೆಗೆ ಹೋಗಲು ನನಗೆ ನಾಲ್ಕು ದಿನ ಬೇಕು. ಆರು ತಿಂಗಳಲ್ಲಿ ಕಲಿತದ್ದು ಒಂದೇ ಚಮತ್ಕಾರ. ಅದನ್ನು ನಿನ್ನೆ ಭಜನೆ ಮುಗಿದ ಮೇಲೆ ತೋರಿಸಿದ್ದೇ ತಪ್ಪಾಯಿತು. ನೆರೆಕರೆಯ ವಾರಿಜ ಹೆಸರು ಬರೆದು ಮಡಚಿ ಕೊಟ್ಟ ಚೀಟಿಯನ್ನು ಬಿಚ್ಚದೆ ಹರಿದುಹಾಕಿ, ಆ ಹೆಸರನ್ನು ಸರಿಯಾಗಿ ಹೇಳಿಬಿಟ್ಟೆ.

ಇವತ್ತು ಜೋಯಿಸರಲ್ಲಿಗೆ ಹೋಗುವ ಹಾಗೆ ವೀಳ್ಯದೆಲೆ, ತೆಂಗಿನಕಾಯಿ ಹಿಡಿದು ನನ್ನಲ್ಲಿ ಪ್ರಶ್ನೆ ಕೇಳಲು ಬಂದಳು. "ಕುಮುದಕ್ಕ, ನನ್ನ ಸರ ಕಾಣುದಿಲ್ಲ. ಸೊಸೆಯೇ ತೆಗೆದದ್ದು ಅಂತ ನಿಮ್ಮ ಬಾಯಲ್ಲಿ ಬಂದ್ರೆ ಸಾಕು."

"ಅದು ಬರೀ ಕೈಚಳಕ ಮಾರಾಯ್ತಿ!"

"ಶಕ್ತಿ ಇರುವವರು ಹಾಗೆಯೇ ಹೇಳುದು," ಎಂದು ಕಾಲಿಗೇ ಬಿದ್ದಳು.

ಗುಟ್ಟು ಬಿಡಬಾರದೆಂದು ಪುಸ್ತಕದ ಮೊದಲ ಪುಟದಲ್ಲೇ ಉಂಟು. ಆದರೆ ಆ ಸೊಸೆ ಹುಡುಗಿಯ ಗತಿ? ಚೀಟಿ ಹರಿಯುವಾಗ ನಡುವಿನ ತುಂಡನ್ನು ಅಡಗಿಸಿ ಓದುವುದನ್ನು ಎರಡು ಸಲ ಮಾಡಿ ತೋರಿಸಿದೆ.

"ಇಷ್ಟೆಯಾ? ದೇವರ ಎದುರು ಮೋಸ ಮಾಡಿದ್ದಾ ನೀವು?" ತೆಂಗಿನಕಾಯಿಯನ್ನು ವಾಪಸು ಎತ್ತಿಕೊಂಡು ಹೋದಳು. ಬಿಟ್ಟುಹೋದ ವೀಳ್ಯದೆಲೆಯನ್ನು ಊಟವಾದ ಮೇಲೆ ನಾನೇ ಜಗಿದೆ, ಪಾಪವೋ ಏನೋ.

ಸೊಸೆಯ ಮೇಲಿದ್ದ ಸಿಟ್ಟೆಲ್ಲ ಈಗ ನನ್ನ ಮೇಲೆ. ಇರಲಿ ದೇವರೇ, ನಾನೇನು ಅವಳೊಟ್ಟಿಗೆ ಒಂದೇ ಮನೆಯಲ್ಲಿ ಬಾಳಬೇಕಾಗಿಲ್ಲವಲ್ಲ.