ಮೆಸೇಜ್ ಹೋಗುವ ನಂಬರು

ಪ್ರೀತಿಯ ಅಪ್ಪಾ,

ನೀವು ಹೇಳಿದ ಹಾಗೆ ವರ್ಷದ ಫೀ ಇಲ್ಲದ, ಲಿಮಿಟ್ ಕಡಿಮೆ ಇರುವ ಕ್ರೆಡಿಟ್ ಕಾರ್ಡನ್ನೇ ಆರಿಸಿದ್ದೇನೆ. ಬಿಲ್ ಪೂರ್ತಿ ಕಟ್ಟುತ್ತೇನೆ, ಮಿನಿಮಮ್ ಕಟ್ಟಿ ಕೈತೊಳೆದುಕೊಳ್ಳುವುದಿಲ್ಲ, ಪ್ರಾಮಿಸ್. ಅಮ್ಮ ತನ್ನ ಕಾರ್ಡಿನ ಜೊತೆ ನನಗೂ ಮಾಡಿಸಿಕೊಟ್ಟಿದ್ದ ಕಾರ್ಡು ಅವಳು ತೀರಿಹೋದಮೇಲೆ ನಿಂತುಹೋಯಿತಲ್ಲ, ಅದನ್ನು ಇವತ್ತು ಕತ್ತರಿಸಿದೆ.

ಅದನ್ನು ಉಜ್ಜಿದಾಗಲೆಲ್ಲ ಅಮ್ಮನ ಫೋನಿಗೆ ಮೆಸೇಜ್ ಹೋಗುತ್ತಿತ್ತು. ತಕ್ಷಣ ಫೋನ್ ಮಾಡಿ, "ಏನೇ ಹೊಟ್ಟೆಬಾಕಿ, ಮತ್ತೆ ಕೇಕಾ? ಊಟ ಯಾವಾಗ ಮಾಡ್ತೀಯೇ?" ಅಂತ ಬೈಯುತ್ತಿದ್ದಳು. ಹಾಸ್ಟೆಲಿನಲ್ಲಿ ತುಂಬಾ ಟೆನ್ಷನ್ ಆದಾಗ ಬೇಕಂತಲೇ ಒಂದು ಪೆನ್ನು ಕೊಳ್ಳುತ್ತಿದ್ದೆ.

ಹೊಸ ಕಾರ್ಡಿಗೆ ನಿಮ್ಮ ನಂಬರನ್ನೂ ಕೊಟ್ಟಿದ್ದೇನೆ. ಫೋನಿನಲ್ಲಿ ನಿಮಗೆ "ಹೂಂ" ಬಿಟ್ಟರೆ ಬೇರೆ ಮಾತು ಬರುವುದಿಲ್ಲ, ಗೊತ್ತು. ಆದರೂ ಮೆಸೇಜ್ ಬಂದಾಗ ದಯವಿಟ್ಟು ಫೋನ್ ಮಾಡಿ ಬೈಯಿರಿ, ಅಪ್ಪಾ.

ನಿಮ್ಮ ಮಗಳು