ಗಾರ್ಡ್ ಸಾಹೇಬರ ವಾಚಿನ ಮುಚ್ಚಳ

ಸೋಮವಾರ, ಮಾರ್ಚ್ ೧೧
ಅಂಗಡಿಯ ಮೇಜಿನಿಂದ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಪುಟ್ಟಿಗೆ ಹಲ್ಲು ಬಂತು ಎಂದು ಬರೆದಿದ್ದೆ. ನಾನು ಉತ್ತರ ಬರೆಯುವಷ್ಟರಲ್ಲಿ ಅವಳು ಆ ಹಲ್ಲಿನಲ್ಲಿ ನಿನ್ನ ಕನ್ನಡಕದ ಅಂಗಡಿಯ ಅರ್ಧ ಫ್ರೇಮುಗಳನ್ನು ಕಚ್ಚಿಹಾಕಿರಬೇಕು. ತಡವಾಯಿತು, ಬೈದುಕೊ. ಕೆಲಸ ಹೆಚ್ಚು ಎನ್ನುವುದು ಬರೀ ನೆಪ. ಫೋನು ಮಾಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಊಟ ಆಯ್ತಾ, ಮಳೆ ಬಂತಾ ಎಂದು ಜಾರಿಕೊಳ್ಳುತ್ತೇನೆ. ಅದಕ್ಕೇ ಬರೆಯಲು ಕೂತೆ.

ಅಪ್ಪನ ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೆ ಬೆಳಕು, ನೆರಳು ಅಷ್ಟೇ. ಆದರೂ ಒಂಬತ್ತು ಹೊಡೆದರೆ ಅಂಗಡಿಗೆ ಬಂದು ಕೂರಲೇಬೇಕು. ಗೋಡೆಯ ಮೇಲಿನ ಯಾವ ಗಡಿಯಾರ ಕುಂಟುತ್ತಿದೆ ಎಂದು ಸದ್ದು ಕೇಳಿಯೇ ಹೇಳಿ ನನ್ನ ಪ್ರಾಣ ತಿನ್ನುತ್ತಾರೆ. ನಿನ್ನ ಸ್ಟೂಲು ಮೇಜಿನ ಎಡಗಡೆ ಹಾಗೇ ಇದೆ. ಅದರ ಮೇಲೆ ಒಂದು ಪಾರ್ಸೆಲ್ ಇಟ್ಟರೂ "ತೆಗಿ ಅದನ್ನ" ಅನ್ನುತ್ತಾರೆ. ಯಾಕೆ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಈಗ ವಿಷಯ. ಶನಿವಾರ ಗಾರ್ಡ್ ಸಾಹೇಬರ ವಾಚು ಮತ್ತೆ ಬಂತು. ಹೌದು, ಅದೇ. ಅವರ ತಂದೆ ಕಟ್ಟುತ್ತಿದ್ದ, ಅದನ್ನೇ ನೋಡಿಕೊಂಡು ಇವರು ಮೂವತ್ತು ವರ್ಷ ರೈಲಿಗೆ ಹಸಿರು ಬಾವುಟ ತೋರಿಸಿದ, ಕೀ ಕೊಡುವ ಹಳೇ ವಾಚು. ಅದರೊಳಗೆ ನೀರು ಹೊಕ್ಕಿತೆಂದೇ ಅಲ್ಲವೇ ಆರು ವರ್ಷದ ಹಿಂದೆ ಅಪ್ಪ ನಿನ್ನನ್ನು ಈ ಮೇಜಿನಿಂದ ಎಬ್ಬಿಸಿದ್ದು.

ಸಾಹೇಬರು ಬಾಗಿಲಲ್ಲೇ ಕೈ ಚಾಚಿದರು. "ನೋಡಮ್ಮಾ, ಗಾಜಿನೊಳಗೆ ಮಂಜು ಕೂತ್ಬಿಟ್ಟಿದೆ. ನಿನ್ನೆ ನಲ್ಲಿ ಕಿತ್ಕೊಂಡು ಬಂತು, ವಾಚು ಕಟ್ಕೊಂಡೇ ಹಿಡಿಯೋಕೆ ಹೋದೆ. ರಾತ್ರಿಯೆಲ್ಲಾ ಅಕ್ಕಿ ಡಬ್ಬದಲ್ಲಿಟ್ಟಿದ್ದೆ."

"ಅಕ್ಕಿ ಇರೋದು ಅನ್ನ ಮಾಡೋಕೆ ಸಾಹೇಬ್ರೇ," ಎಂದೆ.

"ಬೆಳಿಗ್ಗೆ ಒಂಚೂರು ಒಲೆ ಮೇಲೂ ಹಿಡಿದೆ."

"ಇನ್ನೊಂಚೂರು ಹಿಡಿದಿದ್ರೆ ಬೆಂದೇ ಹೋಗ್ತಿತ್ತು," ಎಂದರು ಅಪ್ಪ ಮೂಲೆಯಿಂದ.

ನಕ್ಕೆವು. ಆದರೆ ವಾಚು ಕೈಗೆ ಬಂದಾಗ ನನ್ನ ನಗು ನಿಂತಿತು. ಬಿಸಿಗೆ ಆವಿಯಾದ ನೀರು ಗಾಜಿನ ಒಳಮೈಗೆ ಹನಿಹನಿಯಾಗಿ ಅಂಟಿತ್ತು. ತಣ್ಣಗಾದರೆ ಅಷ್ಟೂ ಡಯಲಿನ ಮೇಲೆ ಇಳಿಯುತ್ತದೆ, ಬರೆದ ಅಂಕಿಗಳು ಕಿತ್ತು ಬರುತ್ತವೆ. ಕೀ ತಿರುಪಿನ ಬುಡದಲ್ಲಿ ಆಗಲೇ ಕೆಂಪು. ಸಂಜೆಯವರೆಗೆ ಬಿಟ್ಟರೆ ತುಕ್ಕು ಒಳಗಿನ ಚಕ್ರಗಳಿಗೆ ಹೋಗುತ್ತದೆ. ಆಗಲೇ ತೆಗೆಯಬೇಕಿತ್ತು, ಅಪ್ಪನ ಎದುರಿಗೇ ತೆಗೆಯಬೇಕಿತ್ತು.

ನಮ್ಮ ಮೇಜಿನ ಕಟ್ಟಳೆ ನಿನಗೆ ಮರೆತಿರಲಾರದು. ವಾಚಿನ ಹಿಂದಿನ ಮುಚ್ಚಳ ಯಾರು ಮುಚ್ಚಿದರೂ ಅದರ ಒಳಮೈಗೆ ಸೂಜಿಯಿಂದ ತಮ್ಮ ಗುರುತು, ಕೆಳಗೆ ತಾರೀಖು ಕೆತ್ತಬೇಕು. ಅಪ್ಪನದು ನೆಟ್ಟಗಿನ ಗೆರೆ, ನನ್ನದು ತ್ರಿಕೋನ, ನಿನ್ನದು ಅಡ್ಡಗೀಟು. ಆವತ್ತು ನೀನು "ನೀರು ಹೋಗದ ಹಾಗೆ ನಾನು ಹೊಸ ವಾಷರ್ ಹಾಕಿದ್ದೆ ಅಪ್ಪ, ನಾನಾದ್ಮೇಲೆ ಯಾರೋ ತೆಗೆದಿದ್ದಾರೆ" ಎಂದು ನಾಲ್ಕು ಸಲ ಹೇಳಿದೆ. ಮುಚ್ಚಳದಲ್ಲಿ ಕೊನೆಯ ಗುರುತು ನಿನ್ನ ಅಡ್ಡಗೀಟೇ ಇತ್ತು. "ಮನುಷ್ಯರು ಸುಳ್ಳು ಹೇಳ್ತಾರೆ, ಮುಚ್ಚಳ ಹೇಳಲ್ಲ," ಎಂದರು ಅಪ್ಪ. ಆಮೇಲೆ ವಾಚನ್ನು ತಾವೇ ಒಣಗಿಸಿ, ನಿನ್ನ ಗುರುತಿನ ಆಚೆ ಸ್ವಲ್ಪ ಜಾಗ ಬಿಟ್ಟು ತಮ್ಮ ಗೆರೆ ಎಳೆದು ಮುಚ್ಚಿದರು.

ಶನಿವಾರ ನಾನು ಮುಚ್ಚಳ ತಿರುಗಿಸಿ ಪಕ್ಕಕ್ಕೆ ಬೋರಲು ಹಾಕಿದೆ. ಗಾಜು ಬಿಡಿಸಿದೆ. ಮುಳ್ಳುಗಳನ್ನು ಎತ್ತುವಾಗ ಉಸಿರು ಬಿಡಲಿಲ್ಲ, ಡಯಲಿನ ಮೇಲೆ ಚಿಮಟ ಒಂದು ಕೂದಲೆಳೆ ಜಾರಿದರೆ ಒದ್ದೆ ಅಂಕಿ ಅದಕ್ಕೆ ಅಂಟಿಕೊಂಡು ಬರುತ್ತದೆ. ಐದರ ಬಾಲ ಒಂದು ಚೂರು ಹೋಯಿತು. ಉಳಿದದ್ದು ಉಳಿಯಿತು. ಗಾಳಿ ಬುಡ್ಡೆಯಿಂದ ಹನಿಗಳನ್ನು ಓಡಿಸಿ, ಮಾತ್ರೆ ಡಬ್ಬಿಗಳಲ್ಲಿ ಬರುವ ತೇವ ಹೀರುವ ಹರಳಿನ ಚೀಲಗಳನ್ನು ಸುತ್ತಲೂ ಇಟ್ಟೆ. ಅಷ್ಟರಲ್ಲಿ ಸಾಹೇಬರು ಸುಮ್ಮನೆ ಕೇಳಿದರು, "ನಿಮ್ಮ ಸಣ್ಣೋನು ಎಲ್ಲಿದ್ದಾನೆ ಈಗ? ಪಾಪ, ಒಳ್ಳೇ ಕೈ ಅವನದು. ಆವತ್ತು ನಾನು ಬಾಯಿ ಮುಚ್ಕೊಂಡು ಹೋಗಿದ್ರೆ ಚೆನ್ನಾಗಿತ್ತು."

ಅಪ್ಪ ನನ್ನ ಕಡೆ ತಿರುಗಿದರು. ಆಮೇಲೆ ಅಂಗೈ ಚಾಚಿದರು. "ಆ ಮುಚ್ಚಳ ಕೊಡಿಲ್ಲಿ."

ಕೊಟ್ಟೆ. ಈಗ ಅವರಿಗೆ ಹೆಬ್ಬೆರಳ ಉಗುರೇ ಕಣ್ಣು. ಒಳಮೈ ಮೇಲೆ ಉಗುರು ನಿಧಾನಕ್ಕೆ ಎಳೆದರು. "ಇದು ಸಣ್ಣೋನ ಗೀಟು. ಇದು ನನ್ನ ಗೆರೆ." ಮತ್ತೆ ಹಿಂದಕ್ಕೆ ಎಳೆದರು. ನಿಂತರು. "ಎರಡರ ಮಧ್ಯೆ ನುಣುಪಾಗಿದೆಯಲ್ಲೇ?"

"ಹಳೇ ವಾಚು ಅಪ್ಪ. ಸವೆದಿರತ್ತೆ."

"ಮುಚ್ಚಳದ ಒಳಗಡೆ ಯಾರ ಕೈ ತಾಗಿ ಸವೆಯತ್ತೆ?"

ನಾನು ಹರಳಿನ ಚೀಲಗಳನ್ನು ಸರಿಸಿಟ್ಟೆ. ಸಾಹೇಬರು "ನಾನು ಆಮೇಲೆ ಬರ್ತೀನಿ" ಎಂದು ಎದ್ದು ಹೋದರು. ಅಪ್ಪ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ಮಧ್ಯಾಹ್ನದವರೆಗೆ ಕೂತರು. "ಆವತ್ತು ಕಣ್ಣಿತ್ತು, ಗುರುತು ನೋಡಿದೆ. ಗುರುತಿಲ್ಲದ ಜಾಗ ನೋಡಲಿಲ್ಲ," ಎಂದು ಒಂದು ಸಲ ತಮಗೆ ತಾವೇ ಅಂದುಕೊಂಡರು. ಭಾನುವಾರ ನನ್ನ ಜೊತೆ ಒಂದು ಮಾತೂ ಇಲ್ಲ. ಊಟಕ್ಕೆ ಕರೆದರೆ ಬಂದರು, ಉಂಡರು, ಎದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇವತ್ತು ಬೆಳಿಗ್ಗೆ ಅಂಗಡಿ ಬೀಗ ತೆಗೆಯುವಾಗ "ಸಣ್ಣೋನಿಗೆ ಕಾಗದ ಬರಿ. ನಾನು ತಪ್ಪು ಮಾಡ್ದೆ ಅಂತ ಬರಿ. ಒಂದ್ಸಲ ಬಂದು ಹೋಗು ಅಂತ ಬರಿ," ಅಂದರು. ಅಪ್ಪನ ಬಾಯಲ್ಲಿ ಆ ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದು ಇದೇ ಮೊದಲು. ಅದಕ್ಕೇ ಬರೆದಿದ್ದೇನೆ. ಬಾ. ನಿನ್ನ ಹೆಂಡತಿ, ಪುಟ್ಟಿ ಇಬ್ಬರನ್ನೂ ಕರೆದುಕೊಂಡು ಬಾ. ಅಪ್ಪನ ಕೈಗೆ ಮಗುವನ್ನು ಒಮ್ಮೆ ಕೊಡು, ಅವರು ಮುಟ್ಟಿಯೇ ನೋಡುವವರು.

ನಿಮ್ಮ ಮನೆ ತಣ್ಣಗಿರಲಿ. ಪುಟ್ಟಿಗೆ ಆಯಸ್ಸು, ಆರೋಗ್ಯ ತುಂಬಿರಲಿ. ನಿನ್ನ ಕೈ ಎಂದೂ ನಡುಗದಿರಲಿ.

ನಿನ್ನ
ಅಕ್ಕ

ವಿ.ಸೂ.: ಸಹಿ ಹಾಕಿ ಇಷ್ಟನ್ನೂ ಅಪ್ಪನಿಗೆ ಓದಿ ಹೇಳಿದೆ. "ಮುಗೀತಾ?" ಎಂದರು. ಮುಗೀತು ಎಂದೆ. "ನುಣುಪು ಹೇಗೆ ಬಂತು ಅಂತ ಬರೀಲೇ ಇಲ್ವಲ್ಲ," ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತಾನಾಗಿ ಪಾಲಿಶ್ ಡಬ್ಬಿ ಇರುವ ಡ್ರಾಯರಿನ ಮೇಲೆ ಹೋಯಿತು. ಅವರಿಗೆ ಕಾಣಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ.

ನಿನ್ನ ನಂತರ ಆ ವಾಚು ತೆಗೆದವಳು ನಾನು. ನೀನು ಜ್ವರ ಬಂದು ಮನೆಯಲ್ಲಿ ಮಲಗಿದ್ದೆ. ಸಾಹೇಬರು ಇನ್ನೂ ಒಯ್ದಿರದ ವಾಚು ದಿನಕ್ಕೆ ಎರಡು ನಿಮಿಷ ಮುಂದೋಡುತ್ತಿತ್ತು. ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸ ಎಂದು ತೆಗೆದು ಸರಿ ಮಾಡಿದೆ. ನೀನು ಹಾಕಿದ್ದು ಹೊಸ ವಾಷರ್ ತಾನೇ ಎಂದು ಅದನ್ನು ಎತ್ತಿ ನೋಡದೆ ಮುಚ್ಚಿದೆ, ತ್ರಿಕೋನ ಕೆತ್ತಿದೆ. ವಾಷರ್ ಒಂದು ಕಡೆ ಮಡಚಿಕೊಂಡಿತ್ತು. ಎರಡು ವಾರಕ್ಕೆ ಸಾಹೇಬರು ನೀರು ಹೊಕ್ಕ ವಾಚು ವಾಪಸ್ ತಂದಾಗ ಅಪ್ಪ ಊಟಕ್ಕೆ ಹೋಗಿದ್ದರು. ತೆಗೆದು ನೋಡಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. "ಹುಡುಗಿ ಕೈಗೆ ವಾಚು ಕೊಡ್ತೀರಾ?" ಎಂದವರ ಜೊತೆಗೆಲ್ಲ ಅಪ್ಪ ನನ್ನ ಪರವಾಗಿ ಜಗಳವಾಡಿದ್ದರು. ಅವರೆಲ್ಲ ಗೆದ್ದುಬಿಡುತ್ತಾರೆ ಎಂದು ಹೆದರಿ, ಪಾಲಿಶ್ ಹಚ್ಚಿ ನನ್ನ ಗುರುತನ್ನು ಉಜ್ಜಿ ತೆಗೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬಿತ್ತು. ಬಾಗಿಲಲ್ಲಿ ನಿಂತು "ಅಕ್ಕಾ, ನೀನಾದ್ರೂ ಹೇಳು" ಎಂದೆಯಲ್ಲ, ಆಗ ನಾನು ಯಾವುದೋ ಗಾಜು ಒರೆಸುತ್ತ ಕೂತಿದ್ದೆ. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಇದೆಲ್ಲವನ್ನೂ ಈಗಷ್ಟೇ ಅಪ್ಪನಿಗೆ ಬಾಯಿಬಿಟ್ಟು ಹೇಳಿದೆ. ಅವರು ಬೈಯಲಿಲ್ಲ. ಕೆತ್ತುವ ಸೂಜಿ ಹುಡುಕಿ ನನ್ನ ಕೈಗಿಟ್ಟು "ಅದೇ ಜಾಗಕ್ಕೆ ಹಾಕು. ಅದೇ ತಾರೀಖು," ಎಂದರು. ಹಾಕಿದೆ. ಉಗುರಿನಿಂದ ಓದಿಕೊಂಡರು. ಆಮೇಲೆ ಮುಚ್ಚಳವನ್ನು ನಿನ್ನ ಸ್ಟೂಲಿನ ಮೇಲೆ ಇಟ್ಟರು.

ವಾಚು ಒಣಗಿದೆ, ಓಡುತ್ತಿದೆ. ಹೊಸ ವಾಷರ್ ತಂದಿಟ್ಟಿದ್ದೇನೆ. ಗಾರ್ಡ್ ಸಾಹೇಬರು ಎಷ್ಟು ದಿನವಾದರೂ ಕಾಯುತ್ತಾರಂತೆ. ನೀನು ಬಂದು ಮುಚ್ಚು ಎಂದು ಕೇಳುವ ಮುಖ ನನಗಿಲ್ಲ. ಕೇಳುತ್ತಿದ್ದೇನೆ.