ಅಟ್ಟೂರಿನಲ್ಲಿಟ್ಟ ಕ್ಯಾಸೆಟ್

ಆರ್.ಟಿ. ನಗರ, ಬೆಂಗಳೂರು
12 ಜುಲೈ 1987, ಭಾನುವಾರ

ಪ್ರೀತಿಯ ಮುಜಫ್ಫರ್ ಭಾಯಿಜಾನ್‌ಗೆ,

ತಂಗಿ ಕುಬ್ರಾಳ ಸಲಾಂ. ಶಾರ್ಜಾದ ಬಿಸಿಲಿಗೆ ಬಂದಿದ್ದ ನಿಮ್ಮ ಕಣ್ಣುರಿ ವಾಸಿಯಾಯಿತೇ? ರೂಮಿನವರು ಅಡುಗೆಗೆ ಖಾರವೇ ಹಾಕುವುದಿಲ್ಲ ಎಂದು ಬರೆದಿದ್ದಿರಿ, ಅದಕ್ಕೆ ಈ ಪೊಟ್ಟಣದಲ್ಲಿ ಮೆಣಸಿನ ಪುಡಿ ಇಟ್ಟಿದ್ದೇನೆ. ಅಮ್ಮಿ ಚೆನ್ನಾಗಿದ್ದಾರೆ ಎಂದು ಬರೆಯಬೇಕಂತೆ, ಬರೆದಿದ್ದೇನೆ. ಗಂಜಿ ಕುಡಿಯುತ್ತಾರೆ, ನಮಾಜು ಬಿಟ್ಟಿಲ್ಲ, ಮಧ್ಯಾಹ್ನ ಸ್ವಲ್ಪ ಮಲಗುತ್ತಾರೆ. ನಾನು ಮಹಡಿಯ ಮೇಲಿದ್ದರೆ ಕೆಳಗಿನಿಂದ ಸ್ಟೀಲ್ ಲೋಟಕ್ಕೆ ಚಮಚ ಬಡಿದು ಕರೆಯುತ್ತಾರೆ. ಪಾರಿವಾಳಗಳೂ ಆ ಸದ್ದಿಗೆ ಒಗ್ಗಿಹೋಗಿ, ಲೋಟ ಬಾರಿಸಿದರೆ ಕಾಳು ಬಂತೆಂದು ಇಳಿದುಬರುತ್ತವೆ.

ಕನ್ನಡದಲ್ಲಿ ಯಾಕೆ ಬರೆದಳೆಂದು ಬೇಸರ ಮಾಡಿಕೊಳ್ಳಬೇಡಿ. ನೀವೂ ನಾನೂ ಅಕ್ಷರ ಕಲಿತದ್ದು ಒಂದೇ ಕನ್ನಡ ಶಾಲೆಯಲ್ಲಿ. ನೀವು ಮುಂದಕ್ಕೆ ಹೋದಿರಿ. ಅಬ್ಬಾ ಕಾಲು ಮುರಿದುಕೊಂಡ ವರ್ಷ ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಪಾರಿವಾಳಗಳಿಗೆ ಕಾಳು ಹಾಕಲು ಮಹಡಿ ಹತ್ತಿದವಳು ಇನ್ನೂ ಇಳಿದಿಲ್ಲ. ಉರ್ದುವಿನಲ್ಲಾದರೆ ನೂರುಲ್ಲಾ ಚಾಚಾ ಕೈಯಲ್ಲಿ ಬರೆಸಬೇಕು, ಆಮೇಲೆ ಅಮ್ಮಿ ಅದನ್ನು ಇಸಿದುಕೊಂಡು ಓದುತ್ತಾರೆ. ಈ ಪತ್ರವನ್ನು ಅವರಿಬ್ಬರೂ ಓದಬಾರದು.

ನಿಮ್ಮ ಸಿಟ್ಟಿನ ಪತ್ರ ಹೋದ ವಾರ ಬಂತು. ಅಮ್ಮಿ ಮಾತು ತುಂಬಿ ಕಳಿಸಿದ ಕ್ಯಾಸೆಟ್ಟನ್ನು ಕೇಳುತ್ತಾ ಕೂತಿದ್ದಿರಂತೆ, ಕೊನೆಯಲ್ಲಿ ಇದ್ದಕ್ಕಿದ್ದಂತೆ ಕಂಪ್ಯೂಟರಿನ ಕಿರಿಚಾಟ ಬಂತಂತೆ, ಆಗಲೇ ನಿಮಗೆ ಗೊತ್ತಾಯಿತಂತೆ. ಹೌದು, ಅದೇ ಕ್ಯಾಸೆಟ್. ಅಬ್ಬಾ ಜೀವಮಾನವಿಡೀ ಸಾಕಿದ ರೇಸಿನ ಪಾರಿವಾಳಗಳಲ್ಲಿ ಯಾವುದು ಯಾರ ಮರಿ, ಯಾವ ಜೋಡಿಯದು ಕರ್ನೂಲಿನಲ್ಲಿ ಬಿಟ್ಟರೆ ಯಾವ ಹೊತ್ತಿಗೆ ಮನೆ ಸೇರಿತು, ಎಲ್ಲವನ್ನೂ ನೀವು ರಜೆಗೆ ಬಂದಾಗ ಆ ಪುಟ್ಟ ಕಂಪ್ಯೂಟರಿಗೆ ತುಂಬಿ ಉಳಿಸಿಟ್ಟ ಕ್ಯಾಸೆಟ್. ‘ನಾಲ್ಕನೇ ಕ್ಲಾಸಿನವಳಿರುವ ಮನೆಯಲ್ಲಿ ಬಿಟ್ಟು ಬಂದದ್ದು ನನ್ನ ತಪ್ಪು’ ಎಂದು ಬರೆದಿರಿ. ವಂಶ ತಿಳಿಯದ ಪಾರಿವಾಳ ಇಟ್ಟುಕೊಂಡು ಏನು ಮಾಡುವುದು, ಗೂಡು ಸಮೇತ ಮಾರಿಬಿಡಲು ಚಾಚಾಗೆ ಹೇಳಿದ್ದೇನೆ ಎಂದಿರಿ. ಮಿಕ್ಕ ಬೈಗುಳವನ್ನೆಲ್ಲ ಎಂದಿನಂತೆ ಅದೇ ಕ್ಯಾಸೆಟ್ಟಿನ ಮೇಲೆ ತುಂಬಿ, ಬಕ್ರೀದಿಗೆ ಊರಿಗೆ ಬರುವ ಗೆಳೆಯನ ಕೈಯಲ್ಲಿ ಕಳಿಸುತ್ತೀರಂತೆ. ನಾನು ಅಳಲಿಲ್ಲ. ಪಾರಿವಾಳಗಳನ್ನು ಮಾರುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪತ್ರ ಉದ್ದವಾದಂತೆ ನನ್ನ ಧೈರ್ಯ ಕಡಿಮೆಯಾದೀತು.

ಎರಡು ನಕಲು ಇದೆ, ಚಿಂತೆಯಿಲ್ಲ ಎಂದು ನೀವು ಹೋಗುವಾಗ ಹೇಳಿದ್ದಿರಿ. ಆದರೆ ಆ ಎರಡೂ ನಕಲು ಒಂದೇ ಕ್ಯಾಸೆಟ್ಟಿನ ಈ ಕಡೆ ಒಂದು, ಆ ಕಡೆ ಒಂದು. ಅದನ್ನು ಅಲ್ಮೇರಾದಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಅಮ್ಮಿಯ ಸೊಂಟಕ್ಕೆ ಕಟ್ಟಿಸಿ ಹೋದಿರಿ. ಅಮ್ಮಿಗೆ ನಿಮಗೆ ಮಾತು ತುಂಬಿ ಕಳಿಸಬೇಕಿತ್ತು. ಹೊರಗೆ ಬಿದ್ದಿದ್ದ ಹಳೆಯ ಕ್ಯಾಸೆಟ್ಟುಗಳು ಅವರಿಗೆ ಬೇಡವಾದವು. ಅಲ್ಮೇರಾದಲ್ಲಿ ಜಪಾನಿನದು, ಹೊಳೆಯುವ ಡಬ್ಬಿಯದು, ಒಂದಿತ್ತು. ಟೇಪ್ ರೆಕಾರ್ಡರನ್ನು ಪಕ್ಕದ ಮನೆಯ ಅಕ್ಬರಿ ಬಾಜಿಯ ಹತ್ತಿರ ಒಯ್ದು, ಬಟನ್ ಒತ್ತಿಸಿಕೊಂಡು ಎರಡೂ ಕಡೆ ಮಾತಾಡಿದರು. ಅವತ್ತು ಸಂಜೆ ನನಗೆ ತಿಳಿಯುವ ಹೊತ್ತಿಗೆ ಪೋಸ್ಟಾಗಿತ್ತು. ಕೇಳಿದರೆ ‘ಮೇರೆ ಬೇಟೇಕು ಅಚ್ಛೀ ಕ್ಯಾಸೆಟ್ ನಕ್ಕೋ ಕ್ಯಾ?’ ಎಂದು ನನ್ನನ್ನೇ ಗದರಿದರು. ಮಗನಿಗೆ ಒಳ್ಳೆಯದನ್ನೇ ಕಳಿಸಿದರು, ಅದಕ್ಕೆ ಅವರನ್ನು ಏನನ್ನುವುದು? ನೀವು ಎಲ್ಲಕ್ಕಿಂತ ಭದ್ರವಾಗಿ ಇಟ್ಟದ್ದರಿಂದಲೇ ಅದು ಅವರ ಕಣ್ಣಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡಿತು.

ಇನ್ನು ನನ್ನ ವಿಷಯ. ನೀವು ಮುಟ್ಟಬೇಡ ಎಂದಿದ್ದ ಕ್ಯಾಸೆಟ್ಟನ್ನೂ ಕಂಪ್ಯೂಟರನ್ನೂ ನಾನು ಹೋದ ವರ್ಷವೇ ಅಮ್ಮಿಯಿಂದ ಬೀಗದ ಕೈ ಇಸಿದುಕೊಂಡು ಮುಟ್ಟಿದ್ದೆ. ಈ ಲೆಕ್ಕವನ್ನು ಅಬ್ಬಾ ಹೇಗೆ ಉಳಿಸುತ್ತಿದ್ದರು, ನೆನಪಿದೆಯೇ? ನೀರಿನ ಟ್ಯಾಂಕಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದರು. ರಂಜಾನಿಗೆ ಮನೆಗೆ ಸುಣ್ಣ ಹೊಡೆಯುವ ಮೊದಲು ನಮ್ಮಿಬ್ಬರನ್ನೂ ಕೂರಿಸಿ ಗೋಡೆಯದನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದರು. ಸುಣ್ಣ ಒಣಗಿದ ಮೇಲೆ ನಾವು ಹೇಳುತ್ತಾ ಹೋದಂತೆ ಮತ್ತೆ ಬರೆಯುತ್ತಿದ್ದರು. ಒಬ್ಬಳಿಗೆ ಕಲಿಸಿದರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ, ಒಂದು ತಲೆಗೆ ಜ್ವರ ಬಂದರೆ ಇನ್ನೊಂದು ತಲೆ ಬೇಕಲ್ಲ ಎಂದಿದ್ದರು. ಅಲ್ಮೇರಾದ ಒಂದೇ ಕ್ಯಾಸೆಟ್ಟನ್ನು ನೋಡಿದಾಗೆಲ್ಲ ನನಗೆ ಆ ಮಾತು ಕಾಡುತ್ತಿತ್ತು.

ಬಸ್ ಸ್ಟಾಪಿನ ಹತ್ತಿರ ಟಿ.ವಿ. ರಿಪೇರಿ ಮಾಡುವ ಆನಂದಪ್ಪನವರನ್ನು ಕೇಳಲು ಹೋದೆ. ಅಂಗಡಿಯಲ್ಲಿ ಗಂಡಸರು ಖಾಲಿಯಾಗುವವರೆಗೂ ಎದುರಿನ ಮರದ ಕೆಳಗೇ ನಿಂತಿದ್ದೆ. ಅವರೇ ಕೂಗಿ, ‘ಏನಮ್ಮಾ, ಟಿ.ವಿ. ತಂದಿಲ್ಲ, ಬರೀ ಮುಖ ರಿಪೇರಿಗೆ ತಂದಿದ್ದೀಯಾ?’ ಎಂದರು. ನಗು ಬಂದು ಮಾತು ಹೊರಟಿತು. ‘ಫ್ಲಾಪಿಗೆ ಹಾಕ್ಸಿಬಿಡು, ಕ್ಯಾಸೆಟ್ಟೆಲ್ಲ ಹಳೇ ಕಾಲದ್ದು ಕಣಮ್ಮಾ’ ಎಂಬುದು ಅವರ ಮೊದಲ ಸಲಹೆ. ಆ ಫ್ಲಾಪಿ ಓದುವ ಯಂತ್ರ ಅವರಿಗೆ ಗೊತ್ತಿರುವ ಒಂದು ಆಫೀಸಿನಲ್ಲಿ ಮಾತ್ರ ಇತ್ತು. ನಮ್ಮ ಪಾರಿವಾಳದ ಅಪ್ಪನ ಹೆಸರು ನೋಡಲು ನಾನು ಇನ್ನೊಬ್ಬರ ಆಫೀಸಿನ ಬಾಗಿಲಲ್ಲಿ ನಿಲ್ಲಬೇಕೇ? ಬೇಡ ಎಂದೆ. ಸಣ್ಣ ಉರುಳೆ ಕಾಗದದ ಮೇಲೆ ಅಚ್ಚು ಹಾಕುವ ಯಂತ್ರ ಯಾರದೋ ರಿಪೇರಿಗೆ ಬಂದಿತ್ತು, ಅದರಲ್ಲೊಂದು ಹಾಳೆ ತೆಗೆದುಕೊಟ್ಟರು. ಗೂಡಿನ ಬಾಗಿಲಿಗೆ ಅಂಟಿಸಿದೆ. ಬಿಸಿಲಿಗೆ ಅಕ್ಷರವೆಲ್ಲ ಹಾರಿ ಬಿಳಿ ಕಾಗದ ಉಳಿಯಿತು. ಎರಡು ಟೇಪ್ ರೆಕಾರ್ಡರಿಗೆ ವೈರು ಕಟ್ಟಿ, ಮದುವೆ ಹಾಡು ಇಳಿಸಿಕೊಳ್ಳುವಂತೆ ಇಳಿಸಿ ನೋಡಿದೆ. ಕಿವಿಗೆ ಎರಡೂ ಒಂದೇ ಕಿರಿಚಾಟ, ಕಂಪ್ಯೂಟರು ಮಾತ್ರ ಒಪ್ಪಲಿಲ್ಲ. ಕೊನೆಗೆ ಕೈಗೂಡಿದ್ದು ಹೀಗೆ: ನಿಮ್ಮ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ತುಂಬಿಸಿ, ಅಲ್ಲಿಂದ ಹೊಸ ಕ್ಯಾಸೆಟ್ಟಿಗೆ ಉಳಿಸಿ, ಉಳಿಸಿದ್ದನ್ನು ಮತ್ತೆ ಓದಿಸಿ ಸರಿಯಿದೆಯೇ ಎಂದು ನೋಡುವುದು. ನಡುವೆ ಕರೆಂಟ್ ಹೋದರೆ ಮೊದಲಿನಿಂದ. ಎಷ್ಟು ಸಲ ಹೋಯಿತೆಂದು ಹೇಳುವುದಿಲ್ಲ, ನೀವು ನಗುತ್ತೀರಿ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಕಿವಿಯಂಥ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ, ಅವನ್ನು ಮುರಿದರೆ ಅದರ ಮೇಲೆ ರೆಕಾರ್ಡರಿನಲ್ಲಿ ಬೇರೇನೂ ತುಂಬಲು ಆಗುವುದಿಲ್ಲ ಎಂದು ಆನಂದಪ್ಪನವರು ತೋರಿಸಿಕೊಟ್ಟರು. ನನ್ನ ನಕಲುಗಳ ಕಿವಿ ಮುರಿದೆ. ನಿಮ್ಮದನ್ನು ಮುರಿಯಲಿಲ್ಲ, ನಿಮ್ಮ ಮಾತಿಗೆ ಬೆಲೆ ಕೊಟ್ಟು ಹಾಗೇ ಅಲ್ಮೇರಾದಲ್ಲಿಟ್ಟೆ. ನಾನು ನಿಮ್ಮ ಮಾತು ಕೇಳಿದ್ದು ಅದೊಂದರಲ್ಲೇ, ಅಮ್ಮಿಯ ಕೈಗೆ ಸಿಕ್ಕಿದ್ದೂ ಅದೇ.

ಒಂದು ನಕಲು ಮನೆಯಲ್ಲಿ ಸರಿ. ಇನ್ನೊಂದು ಎಲ್ಲಿ? ಕಳ್ಳ ಬಂದರೂ ಬೆಂಕಿ ಬಿದ್ದರೂ ಒಂದೇ ಮನೆಯಲ್ಲಿರುವ ಎರಡೂ ಒಟ್ಟಿಗೇ ಹೋಗುತ್ತವೆ. ನೆಂಟರಿಗೆ ಪಾರಿವಾಳವೆಂದರೆ ಮಹಡಿಯ ಗಲೀಜು. ಬಹಳ ಯೋಚಿಸಿ ಅಟ್ಟೂರಿಗೆ ಹೋದೆ. ಹೌದು, ಮುನಿಕೃಷ್ಣಪ್ಪನವರ ಮನೆಗೆ. ಅಬ್ಬಾ ಬದುಕಿದ್ದಷ್ಟು ದಿನವೂ ರೇಸಿನಲ್ಲಿ ಅವರ ಎದುರಾಳಿ. ‘ಅಟ್ಟೂರಿನವರ ಕಣ್ಣಿಗೆ ಪಾರಿವಾಳದ ಕಾಲಿನ ಒಂದು ರಿಂಗ್ ನಂಬರೂ ಬೀಳಬಾರದು’ ಎಂದು ನೀವು ಹೇಳಿದ ಅದೇ ಮನೆ. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಅವರ ಹೆಂಡತಿ ಮುನಿವೆಂಕಟಮ್ಮ ಕ್ಯಾಸೆಟ್ಟನ್ನು ಹಾಡಿನದೆಂದು ರೆಕಾರ್ಡರಿಗೆ ಹಾಕಿಬಿಟ್ಟರು. ‘ಏನಮ್ಮಾ ಇದು, ಬೆಕ್ಕಿನ್ ಬಾಲ ತುಳ್ದಂಗ್ ಕಿರುಚ್ತದೆ’ ಎಂದು ಕಿವಿ ಮುಚ್ಚಿಕೊಂಡರು. ಮುನಿಕೃಷ್ಣಪ್ಪನವರು ಕೂತು ನನ್ನ ಮಾತನ್ನು ಪೂರ್ತಿ ಕೇಳಿದರು. ‘ನಂತಾವ ಯಾಕವ್ವಾ ಇಕ್ತೀಯಾ? ನಿಮ್ಮಪ್ಪಂಗೂ ನಂಗೂ ಇದ್ದಿದ್ ಜಗಳ ಗೊತ್ತಿಲ್ವಾ?’ ಎಂದರು. ಗೊತ್ತಿದೆ, ಅದಕ್ಕೇ ತಂದೆ, ಬೇರೆ ಯಾರಿಗೂ ಅಬ್ಬಾರ ಪಾರಿವಾಳಗಳ ನೆನಪಿಲ್ಲ ಎಂದೆ. ನೆಲ ನೋಡಿಕೊಂಡೇ ಹೇಳಿದೆ, ಆದರೆ ಹೇಳಿದೆ. ಅವರು ‘ಅದೂ ಸರೀನೇ. ನಿಮ್ಮಪ್ಪ ಖಾದರ್ ಬಾಷಾನ ಲೆಕ್ಕ ಅಳಿಸೋದ್ರೆ ನಾನ್ ಯಾರ್ನ ಸೋಲಿಸ್ದೆ ಅಂತ ಏಳ್ಕೊಳ್ಳಿ?’ ಎಂದು, ತಮ್ಮ ರೇಸಿನ ಗಡಿಯಾರ ಇಡುವ ಪೆಟ್ಟಿಗೆಯಲ್ಲಿ ಅದನ್ನೂ ಇಟ್ಟರು.

ಈಗ ಹೋದ ವಾರದ ಸುದ್ದಿ. ನಿಮ್ಮ ಪತ್ರದ ಹಿಂದೆಯೇ ಚಾಚಾ ಬಂದರು, ತಣಿಸಂದ್ರದ ಪಂಚಪ್ಪ ಎಂಬ ವ್ಯಾಪಾರಿಯ ಜೊತೆ, ದೊಡ್ಡ ಬಿದಿರು ಬುಟ್ಟಿಯ ಸಮೇತ. ಬಂದವರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ‘ಕಂಪ್ಯೂಟರಮ್ಮಾ, ಮಹಡಿ ಬಾಗಿಲು ತೆಗಿ’ ಎಂದರು. ಪಂಚಪ್ಪ ಅಬ್ಬಾರ ನೀಲಿ ಹೆಣ್ಣು ಪಾರಿವಾಳವನ್ನು ಕೈಯಲ್ಲಿ ಹಿಡಿದು ರೆಕ್ಕೆ ಬಿಡಿಸಿ ನೋಡಿ, ‘ವಂಶ ಗೊತ್ತಿಲ್ದೇ ಇರೋದು ರೇಸಿಗ್ ಬರಲ್ಲ ಕಣ್ರೀ, ಸಾರಿಗೆ ಬರುತ್ತೆ. ಸಾರಿನ್ ರೇಟೇ ಕೊಡೋದು’ ಎಂದರು. ವಂಶ ಇದೆ, ತೋರಿಸುತ್ತೇನೆ ಎಂದು ಕೆಳಗೆ ಓಡಿದೆ. ಮನೆಯ ನಕಲನ್ನು ಹಾಕಿದೆ. ಕಂಪ್ಯೂಟರಿಗೆ ಜೋಡಿಸಿದ ಟಿ.ವಿ.ಯ ಅಂಚಿನಲ್ಲಿ ಪಟ್ಟೆಗಳು ಓಡಿದವು, ನಿಂತವು, ತಪ್ಪಾಗಿದೆ ಎಂಬ ಇಂಗ್ಲಿಷ್ ಸಾಲು ಬಂತು. ಮತ್ತೆ ಹಾಕಿದೆ, ಮತ್ತೆ ಅದೇ. ಅದನ್ನು ನಾನು ಟಿ.ವಿ.ಯ ಪಕ್ಕದ ದೊಡ್ಡ ಸ್ಪೀಕರಿನ ಮೇಲಿಟ್ಟಿದ್ದೆ, ಅದರ ಅಯಸ್ಕಾಂತ ತಿಂದುಹಾಕಿದೆ ಎಂದು ಆಮೇಲೆ ಆನಂದಪ್ಪನವರು ಹೇಳಿದರು. ನಿಮ್ಮದು ಹೋದ ಹಾಗೆ ನನ್ನದೂ ಒಂದು ಹೋಗಿತ್ತು, ಸರಿಯೇ? ಚಾಚಾ ಪಂಚಪ್ಪನವರತ್ತ ತಿರುಗಿ, ‘ನೋಡಿದ್ರಾ, ನಮ್ಮ ಹುಡುಗಿ ಟಿ.ವಿ.ಲಿ ಪಟ್ಟೆ ಸೀರೆ ತೋರಿಸ್ತಾಳೆ’ ಎಂದು ನಕ್ಕರು.

ಭಾಯಿಜಾನ್, ಅಂಗಡಿಯಲ್ಲಿ ಉಪ್ಪು ಕೇಳಲೂ ದನಿ ಏಳದವಳು ನಾನು. ಅವತ್ತು ಮಹಡಿಗೆ ಹೋಗಿ, ಪಂಚಪ್ಪನವರ ಬುಟ್ಟಿಯಿಂದ ನೀಲಿಯನ್ನು ತೆಗೆದು ಗೂಡಿಗೆ ಬಿಟ್ಟು, ಬೀಗ ಹಾಕಿ, ನಾಳೆ ಬನ್ನಿ ಎಂದೆ. ಚಾಚಾ ಕೈ ಎತ್ತಿದರು. ಮೆಟ್ಟಿಲ ಮೇಲೆ ಕೂತಿದ್ದ ಅಮ್ಮಿ ಲೋಟಕ್ಕೆ ಚಮಚ ಬಡಿದರು, ಒಂದೇ ಏಟು. ಚಾಚಾ ಕೈ ಇಳಿಸಿ ಹೊರಟುಹೋದರು.

ಮಾರನೆಯ ದಿನ ನಾನು ಅಟ್ಟೂರಿಗೆ ಹೋದರೆ ಕ್ಯಾಸೆಟ್ ಒಂದೇ ಬರಲಿಲ್ಲ, ಮುನಿಕೃಷ್ಣಪ್ಪನವರೇ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ನನ್ನ ಜೊತೆ ಬಸ್ಸಿನಲ್ಲಿ ಬಂದರು. ಎಲ್ಲರ ಎದುರಿಗೆ ಹಾಕಿದೆ. ಪಟ್ಟೆಗಳು ಓಡಿದವು, ಕಿರುಚಿತು, ಕರೆಂಟ್ ಹೋಗಲಿಲ್ಲ. ನೀಲಿಯ ರಿಂಗ್ ನಂಬರ್ ಒತ್ತಿದೆ. ಅದರ ತಾಯಿ, ತಂದೆ, ಅವರ ತಾಯಿ ತಂದೆ, ಕರ್ನೂಲು, ಹೈದರಾಬಾದು, ಸಾಲುಸಾಲಾಗಿ ಬಂದವು. ಮುನಿಕೃಷ್ಣಪ್ಪನವರು ಒಂದು ಸಾಲಿಗೆ ಬೆರಳಿಟ್ಟು, ಇದು ಯಾವುದು ಎಂದು ಕೇಳಿದರು. ನಿಮ್ಮನ್ನು ಸೋಲಿಸಿದ್ದು ಎಂದೆ. ‘ಅಂಗಾದ್ರೆ ಸರಿಯಾಗೇ ಬರ್ದವ್ರೆ’ ಎಂದರು. ಪಂಚಪ್ಪ ಈಗ ಬುಟ್ಟಿಯ ಮಾತೇ ಎತ್ತಲಿಲ್ಲ, ‘ನೀಲಿಗೆ ಬೆಲೆ ಹೇಳಮ್ಮಾ’ ಎಂದರು. ಬೆಲೆ ಇಲ್ಲ ಎಂದೆ. ಚಾಚಾ ಅಂದಿನಿಂದ ಇತ್ತ ಬಂದಿಲ್ಲ. ಅವರು ನಿಮಗೆ ಬೇರೆ ಥರ ಬರೆಯುತ್ತಾರೆ, ಬರೆದುಕೊಳ್ಳಲಿ.

ಅಟ್ಟೂರಿನಿಂದ ಅದನ್ನು ವಾಪಸ್ ತಾ ಎಂದು ನೀವು ಬರೆಯುತ್ತೀರಿ, ನನಗೆ ಗೊತ್ತು. ತರುವುದಿಲ್ಲ. ಮನೆಗೆ ಹೊಸ ನಕಲು ಮಾಡಿಕೊಂಡು ಅದನ್ನು ಮತ್ತೆ ಅಲ್ಲಿಗೇ ಕಳಿಸಿದ್ದೇನೆ. ಇನ್ನೊಂದು ಈ ಪೊಟ್ಟಣದಲ್ಲಿ ಮೆಣಸಿನ ಪುಡಿಯ ಕೆಳಗಿದೆ, ಅದು ನಿಮ್ಮದು. ಕಂಪ್ಯೂಟರನ್ನೂ ಮಾರುವುದಿಲ್ಲ. ನಿಮಗೆ ಹಠವಿದ್ದರೆ ಬಂದು ನನ್ನ ಕೈಯಿಂದ ಬೀಗದ ಕೈ ಕಿತ್ತುಕೊಳ್ಳಿ. ಆ ನೆಪದಲ್ಲಾದರೂ ಬನ್ನಿ. ನೀವು ಬರೆದದ್ದು ಒಂದು ಮಾತ್ರ ನಿಜ, ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅಬ್ಬಾರ ಪಾಠಕ್ಕೆ ನೀವೂ ನಾನೂ ಒಂದೇ ಗೋಡೆಯ ಮುಂದೆ ಕೂತವರು.

ನಿಮ್ಮ ಕಣ್ಣು ತಂಪಾಗಿರಲಿ, ದುಡಿದ ಕೈಗೆ ನೋವು ತಿಳಿಯದಿರಲಿ ಎಂದು ಅಲ್ಲಾಹನಲ್ಲಿ ಬೇಡುತ್ತೇನೆ. ರೂಮಿನವರಿಗೆಲ್ಲ ಸಲಾಂ ತಿಳಿಸಿ, ಮೆಣಸಿನ ಪುಡಿ ಅವರಿಗೂ ಕೊಡಿ.

ನಿಮ್ಮ ಮಾತು ಕೇಳದ ತಂಗಿ,
ಕುಬ್ರಾ

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಪೊಟ್ಟಣ ಒಯ್ಯಲು ಜೈಬುನ್ನೀಸಾ ಖಾಲಾರ ಮಗ ಬಾಗಿಲಲ್ಲಿ ನಿಂತಿದ್ದಾನೆ, ಇಂದೇ ಬಾಂಬೆಗೆ ಹೊರಟು ಅಲ್ಲಿಂದ ವಿಮಾನ ಹತ್ತುತ್ತಾನೆ. ಅಮ್ಮಿ ಕಳಿಸಿದ ಕ್ಯಾಸೆಟ್ಟಿನ ಮೇಲೆ ಏನೂ ತುಂಬಬೇಡಿ. ಅಮ್ಮಿಗೆ ಗಂಟಲಲ್ಲಿ ಗಡ್ಡೆ ಇತ್ತು. ಹೋದ ತಿಂಗಳು ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ ಎಂದಿದ್ದಾರೆ, ದನಿ ಮಾತ್ರ ಇನ್ನು ಬರುವುದಿಲ್ಲ. ನೀವು ಕೆಲಸ ಬಿಟ್ಟು ಓಡಿ ಬರುತ್ತೀರೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಆ ಆಣೆಯನ್ನೂ ಮುರಿದಿದ್ದೇನೆ. ಅವರು ಎರಡೂ ಕಡೆ ತುಂಬುವಷ್ಟು ಮಾತಾಡಿದ್ದು ಆಸ್ಪತ್ರೆಗೆ ಸೇರುವ ಮುಂಚಿನ ದಿನ. ಮನೆಯಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಹಾಕಿ ನೋಡಿದೆ, ಅಮ್ಮಿ ಮಾತಾಡಿದ್ದರ ಮೇಲೆಲ್ಲ ನಿಮ್ಮ ಉತ್ತರವೇ ಇದೆ. ಈ ಪತ್ರ ಕೆಳಗಿಡುವ ಮೊದಲು ಅಮ್ಮಿಯ ಆ ಕ್ಯಾಸೆಟ್ಟಿನ ಎರಡು ಕಿವಿಗಳನ್ನು ಮುರಿಯಿರಿ. ಆಮೇಲೆ ಇನ್ನೊಂದಕ್ಕೆ ಇಳಿಸಿ ಇಲ್ಲಿಗೆ ಕಳಿಸಿ. ಅದೊಂದರ ನಕಲು ನನ್ನ ಹತ್ತಿರ ಇಲ್ಲ.